ಧಾಟಿ: ಮ್ಯಾಲಿನಂತೆ

ಅಪ್ಪನ ಪದಗಳ ವಹಿ ನಮ್ಮ ಮನೆಯ ದೇವರ ಜಗಲಿಯ ಕೆಳಗಿನ ಗೂಡಿನಲ್ಲಿ ಇರುತ್ತಿತ್ತು. ಕೆಂಪು ಅರಿವೆಯ ಹೊದಿಕೆಯ, ಉದ್ದನೆಯ ಲೆಕ್ಕದ ವಹಿ ಅದು. ಬೈಲಹೊಂಗಲದ ಅರಳಿ ಪ್ಯಾಟಿಯ ಒಂದು ದಲಾಲಿ ಅಂಗಡಿಯಲ್ಲಿ ಅಪ್ಪ ಲೆಕ್ಕ ಬರೆಯುತ್ತಿದ್ದ. ವರ್ಷದ ಕೊನೆಗೆ ಖಾಲಿ ಉಳಿದ ವಹಿಯನ್ನು ಸಾವಕಾರರು ಅವನಿಗೆ ಕೊಟ್ಟಿದ್ದರಂತೆ. ಜಮಾ, ಖರ್ಚು ಎಂದು ಗೆರೆ ಹೊಡೆದ ಹಾಳೆಗಳ ಮೇಲೆ ಆ ಗೆರೆಗಳ ಗೊಡವೆಯೇ ಇಲ್ಲದೆ ಭಜನೆಯ ಪದಗಳು ಹರಿದಾಡಿದ್ದವು. ಪ್ರತಿ ಪದದ ತಲೆಯ ಮೇಲೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ, 'ಧಾಟಿ' ಎಂದು ಬರೆದು ಮುಂದೆ ಎರಡು ಚುಕ್ಕಿ. ಅದರ ಮುಂದೆ ಒಂದು ಸಿನಿಮಾ ಹಾಡಿನ ಮೊದಲ ಮಾತು, ಇಲ್ಲವೇ ಬರೀ ಸಿನಿಮಾದ ಹೆಸರು. 'ಬಂಗಾರದ ಮನುಷ್ಯ', 'ಕಸ್ತೂರಿ ನಿವಾಸ', 'ಜೈ ಸಂತೋಷಿ ಮಾ'. ಒಂದು ಕಡೆ ಹಿಂದಿಯ 'ನಾಗಿನ್' ಕೂಡ ಇತ್ತು. ಆ ಪುಂಗಿಯ ರಾಗದ ಮೇಲೆ ಅಪ್ಪ ಬಸವಣ್ಣನವರ ಕಲ್ಯಾಣದ ಕಥೆಯನ್ನು ಕೂರಿಸಿದ್ದ.

ಕವರ್ ಸಾಂಗ್ ಎನ್ನುವ ಮಾತು ನನಗೆ ಗೊತ್ತಾದದ್ದು ಬಹಳ ತಡವಾಗಿ. ನಾವು ಹುಡುಗರಿದ್ದಾಗ ಕವರು ಅಂದರೆ ಜೂನ್ ತಿಂಗಳಲ್ಲಿ ಪುಸ್ತಕಕ್ಕೆ ಹಾಕುವ ಖಾಕಿ ಹಾಳೆ, ಅಷ್ಟೇ. ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಹಾಡುವುದಕ್ಕೆ ಬೇರೆ ಹೆಸರು ಬೇಕು ಎಂದೂ ಅನ್ನಿಸಿರಲಿಲ್ಲ. ಹಾಡು ಅಂದರೆ ಅದೇ ಅಲ್ಲವೇ?

ಶ್ರಾವಣ ಬಂತೆಂದರೆ ರಾತ್ರಿ ಊಟದ ಮೇಲೆ ನಮ್ಮ ಓಣಿಯ ಗುಡಿಯಲ್ಲಿ ಭಜನೆ. ಅಪ್ಪ ಪೇಟಿ ಬಾರಿಸುತ್ತಿದ್ದ, ಕಾಕಾ ತಬಲಾ. ಉಳಿದವರದು ತಾಳ, ದಪ್ಪು. ಹೊಸ ಪದ ಬರೆದ ದಿನ ಅಪ್ಪ ಅದನ್ನು ಯಾರಿಗೂ ಕಲಿಸುತ್ತಿರಲಿಲ್ಲ. ಪೇಟಿಯ ಮೇಲೆ ಧಾಟಿಯನ್ನು ಒಂದು ಸುತ್ತು ನುಡಿಸುತ್ತಿದ್ದ. ಕೂತವರ ಮುಖ ಅರಳುತ್ತಿತ್ತು. ಅಪ್ಪ ಒಂದು ಸಾಲು ಹೇಳಿದರೆ ಎರಡನೆಯ ಸಲಕ್ಕೆ ಇಡೀ ಗುಡಿ ಹಾಡುತ್ತಿತ್ತು.

ನಾನು ಧಾರವಾಡಕ್ಕೆ ಓದಲು ಹೋದೆ. ಸಾಹಿತ್ಯ ಓದುವ ಹುಡುಗರ ನಡುವೆ ಸೇರಿಕೊಂಡ ಮೇಲೆ ಮೊದಲು ಕಲಿತದ್ದು ನಾಚಿಕೆಯನ್ನು. 'ಸ್ವಂತಿಕೆ' ಎನ್ನುವ ಶಬ್ದ ನಮ್ಮ ಹಾಸ್ಟೆಲ್ಲಿನಲ್ಲಿ ದಿನಕ್ಕೆ ಹತ್ತು ಸಲ ಉರುಳುತ್ತಿತ್ತು. ಒಂದು ರಜೆಗೆ ಗೆಳೆಯನೊಬ್ಬನನ್ನು ಊರಿಗೆ ಕರೆತಂದೆ. ಅಪ್ಪ ಉಮೇದಿಯಿಂದ ಪದ ಹೇಳಿದ. ಗೆಳೆಯ ಮರ್ಯಾದೆಯಿಂದ ಕೇಳಿ, ಆಮೇಲೆ ಅಂಗಳದಲ್ಲಿ ನಿಂತು ಮೂಲ ಸಿನಿಮಾ ಹಾಡನ್ನು ಗುನುಗಿ ನಕ್ಕ. ಕೆಟ್ಟ ನಗುವೇನಲ್ಲ. ಆದರೆ ಅಂದು ರಾತ್ರಿ ನಾನು ಅಪ್ಪನನ್ನು ಕೇಳಿಯೇ ಬಿಟ್ಟೆ: "ಮಂದಿ ಧಾಟಿ ಯಾಕ ತಗೋತಿ? ನಿನಗ ನಿಂದs ಒಂದು ಧಾಟಿ ಹಚ್ಚಾಕ ಬರೂದಿಲ್ಲೇನು?"

ಅಪ್ಪ ಪೇಟಿಗೆ ಅರಿವೆ ಹೊದಿಸುತ್ತಿದ್ದ. "ಧಾಟಿ ಗೊತ್ತಿದ್ರ ಹತ್ತು ಮಂದಿ ಸಂಗ್ತೀನ ಹಾಡ್ತಾರೋ," ಅಂದ. "ಹೊಸಾದು ಹಚ್ಚಿದ್ರ ನಾ ಒಬ್ಬನ ಹಾಡಬೇಕಾಗ್ತೈತಿ."

ಅದು ಜವಾಬು ಎಂದು ನನಗೆ ಆಗ ತಿಳಿಯಲಿಲ್ಲ. ಬರದವನ ನೆಪ ಅಂದುಕೊಂಡೆ. ಆ ಮಾತಿನ ನಂತರ ನಾನು ಊರಿಗೆ ಬಂದಾಗ ಅಪ್ಪ ಹೊಸ ಪದಗಳನ್ನು ನನಗೆ ಓದಿ ತೋರಿಸುವುದನ್ನು ಬಿಟ್ಟ. ಬರೆಯುವುದನ್ನು ಬಿಡಲಿಲ್ಲ, ವಹಿ ತುಂಬುತ್ತಾ ಹೋಗಿದ್ದು ನನಗೆ ಗೊತ್ತಾದದ್ದು ಅವನು ಹೋದ ಮೇಲೆ.

ಅಪ್ಪನ ಪದ್ಧತಿ ಅವನೊಬ್ಬನದೇ ಆಗಿರಲಿಲ್ಲ ಎನ್ನುವುದು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದ ಯಾರಿಗಾದರೂ ಗೊತ್ತು. ಬನದ ಹುಣ್ಣಿಮೆಗೋ ಭರತ ಹುಣ್ಣಿಮೆಗೋ ಗುಡ್ಡ ಹತ್ತುವಾಗ ಭಂಡಾರ, ಬಳೆ, ಬೆಂಡುಬೆತ್ತಾಸಿನ ಅಂಗಡಿಗಳ ನಡುವೆ ಪದಗಳ ಸಣ್ಣ ಪುಸ್ತಕಗಳು ಸಿಗುತ್ತಿದ್ದವು. ತೆಳು ಹಾಳೆ, ಮುಖಪುಟದ ಮೇಲೆ ತಾಯಿಯ ಬಣ್ಣದ ಚಿತ್ರ. ಒಳಗೆ ಪ್ರತಿ ಪದದ ಮೇಲೂ ಧಾಟಿ. ಅದೇ ಗುಡ್ಡದ ಮೇಲೆ ಜೋಗತಿಯರು ಚೌಡಿಕೆ, ತುಂತುಣಿ ಹಿಡಿದು ಹಾಡುವ ಹಳೆಯ ಪದಗಳಿವೆ. ಅವಕ್ಕೆ ಧಾಟಿಯ ಹೆಸರಿಲ್ಲ, ಏಕೆಂದರೆ ಅವೇ ಇನ್ನೊಬ್ಬರಿಗೆ ಧಾಟಿ. ಜೋಗತಿಯರ ಮಟ್ಟು ಸಿನಿಮಾಕ್ಕೆ ಹೋಗುತ್ತದೆ, ಸಿನಿಮಾದ್ದು ಕ್ಯಾಸೆಟ್ಟಿನ ಭಕ್ತಿಗೀತೆಗೆ, ಅಲ್ಲಿಂದ ಮತ್ತೆ ಗುಡ್ಡಕ್ಕೆ. ಯಾರು ಯಾರಿಂದ ಪಡೆದರು ಎಂದು ಲೆಕ್ಕ ಹಾಕುವವರಿಗೆ ಅಪ್ಪನ ಜಮಾ-ಖರ್ಚಿನ ವಹಿಯೂ ಸಾಲದು.

ಈ ಸೀಮೆಯವರೇ ಒಬ್ಬರು ಇದನ್ನು ದೊಡ್ಡ ರಂಗಭೂಮಿಯ ಮೇಲೆ ಮಾಡಿ ತೋರಿಸಿದ್ದರು. ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದ ಬಳವಂತ ಪಾಂಡುರಂಗ ಕಿರ್ಲೋಸ್ಕರರು, ಅಂದರೆ ಅಣ್ಣಾಸಾಹೇಬ ಕಿರ್ಲೋಸ್ಕರರು. ಪುಣೆಯಲ್ಲಿ 1880ರಲ್ಲಿ ಅವರು ಆಡಿದ 'ಸಂಗೀತ ಶಾಕುಂತಲ' ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಎಂದು ಎಲ್ಲರೂ ಒಪ್ಪುತ್ತಾರೆ. ಆ ನಾಟಕಗಳ ಪುಸ್ತಕಗಳಲ್ಲಿ ಹಾಡಿನ ಮೇಲೆ 'ಚಾಲ' ಎಂದು ಅಚ್ಚಾಗಿರುತ್ತದೆ. ನಮ್ಮ ಧಾಟಿಯೇ ಅದು. ಅವರ ಹಾಡುಗಳಲ್ಲಿ ಹಲವು ಕನ್ನಡ ಹಾಡುಗಳ ಚಾಲಿನ ಮೇಲೆ ಕೂತಿವೆ. ಮಲಪ್ರಭೆಯ ದಂಡೆಯಲ್ಲಿ ಕಿವಿಗೆ ಬಿದ್ದದ್ದನ್ನು ಅವರು ಪುಣೆಗೆ ಒಯ್ದರು ಎಂದು ನಾನು ಕಲ್ಪಿಸಿಕೊಳ್ಳುತ್ತೇನೆ; ಕಲ್ಪನೆಗೆ ಯಾರ ಅಪ್ಪಣೆಯೂ ಬೇಡ. ಮುಂದೆ ಅದೇ ಮರಾಠಿ ನಾಟಕದ ಚಾಲುಗಳು ನಮ್ಮ ಕಡೆಯ ನಾಟಕ ಕಂಪನಿಗಳಿಗೆ ತಿರುಗಿ ಬಂದು ಕನ್ನಡ ಮಾತು ತೊಟ್ಟವು. ಅದೇ ಸವದತ್ತಿ ಸೀಮೆಯ ಏಣಗಿಯಲ್ಲಿ ಹುಟ್ಟಿ ನೂರು ದಾಟಿ ಬಾಳಿದ ಏಣಗಿ ಬಾಳಪ್ಪನವರಂಥ ಹಾಡುನಟರು ಅಂಥ ಕಂಪನಿ ನಾಟಕಗಳ ಲೋಕದಲ್ಲೇ ಬೆಳೆದವರು. ಮನೆಯಿಂದ ಹೋದ ಮಗಳು ಮರಾಠಿ ಸೀರೆ ಉಟ್ಟು ತವರಿಗೆ ಬಂದಂತೆ.

ಬೈಲಹೊಂಗಲದವರಿಗೆ 'ಸಂಗ್ಯಾ ಬಾಳ್ಯಾ'ದ ಬಗ್ಗೆ ಒಂದು ಒಳಗಿನ ಹೆಮ್ಮೆ ಇದೆ, ಕೊಲೆಯ ಕಥೆಯಾದರೂ. ನಮ್ಮೂರಿನಲ್ಲಿ ನಡೆದದ್ದು ಎನ್ನುತ್ತಾರೆ. ಚಂದ್ರಶೇಖರ ಕಂಬಾರರು ಆ ಸಣ್ಣಾಟವನ್ನು ಸಂಪಾದಿಸಿ ಅಚ್ಚಿಗೆ ತರುವ ಮೊದಲು ಅದು ಮೇಳದಿಂದ ಮೇಳಕ್ಕೆ ಬಾಯಿಂದ ಬಾಯಿಗೆ ಹೋಗುತ್ತಿತ್ತು. ನಾನು ಕೇಳಿದ ಎರಡು ಮೇಳಗಳಲ್ಲಿ ಗಂಗಿಯ ಹಾಡಿನ ಎಳೆತ ಒಂದೇ ಥರ ಇರಲಿಲ್ಲ. ಯಾವುದು ಮೂಲ ಎಂದು ಆಡಿಸುವವರನ್ನು ಕೇಳಿದರೆ, ಅವರು ತಮ್ಮ ಮಾಸ್ತರರ ಹೆಸರು ಹೇಳಿ ಕೈ ಮುಗಿಯುತ್ತಾರೆ.

ಆದರೂ ಈ ಮಾತನ್ನು ನಾನು ಬರೀ ಹಿತವಾಗಿ ಹೇಳಿ ಮುಗಿಸಲಾರೆ. ಒಂದು ಹಾಡು ಇನ್ನೊಂದನ್ನು ತಿಂದುಹಾಕುವುದನ್ನೂ ನೋಡಿದ್ದೇನೆ. ನಮ್ಮ ಗುಡಿಯಲ್ಲಿ ಶಿಶುನಾಳ ಶರೀಫರ ಪದಗಳನ್ನು ಹೇಳುತ್ತಿದ್ದ ರೀತಿ ಬೇರೆ ಇತ್ತು. ನಿಧಾನ, ಒಂದೇ ದನಿಯ ಸುತ್ತ ಸುತ್ತುವಂಥದ್ದು, ನಡುನಡುವೆ ಮಾತಿನಂತೆ ಬಿಡುವುದು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂತು. ಅದರ ಹಿಂದೆ-ಮುಂದೆ ಸಿ. ಅಶ್ವತ್ಥರ ಕ್ಯಾಸೆಟ್ಟುಗಳು ಬಂದವು. ಆ ಕಂಠಕ್ಕೆ ಸೋಲದವರು ಯಾರು? ಎರಡು ಶ್ರಾವಣ ಕಳೆಯುವಷ್ಟರಲ್ಲಿ ನಮ್ಮ ಗುಡಿಯಲ್ಲೂ ಎಲ್ಲರೂ ಅಶ್ವತ್ಥರಂತೆ ಹಾಡತೊಡಗಿದರು. 2008ರ ರಘು ದೀಕ್ಷಿತರ ಆಲ್ಬಮ್ಮಿನಲ್ಲಿ ಶರೀಫರು ಗಿಟಾರಿನ ಮೇಲೆ ಬಂದಾಗ ನನ್ನ ವಯಸ್ಸಿನವರು ಕೆಲವರು 'ಮೂಲ ಕೆಡಿಸಿದರು' ಎಂದು ಸಿಟ್ಟಾದರು. ಅವರ ಮನಸ್ಸಿನಲ್ಲಿದ್ದ ಮೂಲ ಅಶ್ವತ್ಥರದು. ನಮ್ಮ ಗುಡಿಯ ಹಳೆಯ ರೀತಿ ಈಗ ಯಾರ ಬಾಯಲ್ಲೂ ಇಲ್ಲ. ನನ್ನ ಬಾಯಲ್ಲೂ ಇಲ್ಲ. ಹಾಡಲು ಹೋದರೆ ಎರಡನೇ ಸಾಲಿಗೆ ಅಶ್ವತ್ಥರು ಬಂದುಬಿಡುತ್ತಾರೆ.

ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರಪ್ಪ ಕೋಂಕಾಳಿ ಎಂಬ ಹುಡುಗ ಗ್ರಾಮಫೋನ್ ತಟ್ಟೆಗಳನ್ನು ಕೇಳಿ, ದೊಡ್ಡ ದೊಡ್ಡ ಗವಾಯಿಗಳನ್ನು ಇದ್ದಕ್ಕಿದ್ದಂತೆ ಗಂಟಲಿನಿಂದ ತೆಗೆದು ತೋರಿಸುತ್ತಿದ್ದನಂತೆ. ಊರೂರಿನಲ್ಲಿ ಅದನ್ನು ಕೇಳಲು ಮಂದಿ ಸೇರುತ್ತಿದ್ದರು. ಆ ಹುಡುಗನೇ ಕುಮಾರ ಗಂಧರ್ವ. ದೊಡ್ಡವರಾದ ಮೇಲೆ ಅವರು ಬಾಲಗಂಧರ್ವರ ಹಾಡುಗಳದ್ದೇ ಒಂದು ಕಾರ್ಯಕ್ರಮ ಮಾಡಿದರು. ಅದಕ್ಕೆ ಇಟ್ಟ ಮರಾಠಿ ಹೆಸರಿನ ಅರ್ಥ 'ನನಗೆ ತಿಳಿದ ಬಾಲಗಂಧರ್ವ' ಎಂದು. ಮೊದಲನೆಯದು ನಕಲು, ಎರಡನೆಯದು ತಿಳಿವು. ಕವರ್ ಸಾಂಗಿನ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಆ ಹೆಸರಿನ 'ನನಗೆ' ಎನ್ನುವ ಶಬ್ದ ನೆನಪಾಗುತ್ತದೆ. ಆದರೆ ಅಪ್ಪನದು ಇವೆರಡೂ ಅಲ್ಲ. ಅವನಿಗೆ ಮೂಲ ಹಾಡುಗಾರನ ಹಾಗೆ ಹಾಡುವ ಆಸೆಯೂ ಇರಲಿಲ್ಲ, ಮೂಲಕ್ಕೆ ಹೊಸ ಅರ್ಥ ಕೊಡುವ ಹಟವೂ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಎಲ್ಲರಿಗೂ ಗೊತ್ತಿರುವ ಒಂದು ದಾರಿ, ತನ್ನ ಮಾತುಗಳನ್ನು ಅದರ ಮೇಲೆ ನಡೆಸಲಿಕ್ಕೆ.

ಕಾಕಾ ಬಹಳ ವರ್ಷಗಳ ಹಿಂದೆಯೇ ರಾಮದುರ್ಗಕ್ಕೆ ಹೋಗಿ ಮಗ್ಗದ ಕೆಲಸಕ್ಕೆ ನಿಂತವರು. ಅವರ ಮೊಮ್ಮಗನಿಗೆ ಮೊಬೈಲಿನಲ್ಲಿ ಹಾಡು ಮಾಡುವ ಹುಚ್ಚು. ಟ್ರ್ಯಾಕ್ಟರಿನ ಮೇಲೆ ಧ್ವನಿಪೆಟ್ಟಿಗೆ ಕಟ್ಟಿಕೊಂಡು ಹೋಗುವಾಗ ಹಾಕುತ್ತಾರಲ್ಲ, ಜಾನಪದ ಡೀಜೆ ಹಾಡುಗಳು, ಅಂಥವು. ಅಪ್ಪ ಹೋದ ಮೇಲೆ ಅವನೇ ಪ್ರೀತಿಯಿಂದ ವಹಿಯ ಒಂದು ಪದವನ್ನು ಹಾಡಿ ಜಾಲದಲ್ಲಿ ಹಾಕಿದ. ಮೂರನೆಯ ದಿನಕ್ಕೆ ನೋಟೀಸು ಬಂತು: ಈ ರಾಗದ ಹಕ್ಕು ಬೇರೊಬ್ಬರದು. ಹುಡುಗ ನನಗೆ ಫೋನು ಮಾಡಿದ. "ಕಾಕಾ, ಮಾತೆಲ್ಲಾ ನಮ್ಮ ದೊಡ್ಡಜ್ಜಂದ ಅಲ್ಲೇನ್ರಿ? ನಾ ಏನ್ ಕದ್ದೀನಿ?"

ನಾನು ಕಾಯ್ದೆ ಓದಿದೆ. 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಗಿ ಸೇರಿದ 31ಸಿ ಎನ್ನುವ ಕಲಂ ಕವರ್ ವರ್ಷನ್ನಿನದೇ. ಮೊದಲ ಧ್ವನಿಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು. ಮೊದಲೇ ತಿಳಿಸಬೇಕು. ಸಾಮಾನ್ಯವಾಗಿ ಕನಿಷ್ಠ 50,000 ಪ್ರತಿಗಳ ಲೆಕ್ಕಕ್ಕೆ ರಾಯಧನ ಕಟ್ಟಬೇಕು. ಮಾತು, ರಾಗ ಎರಡನ್ನೂ ಬದಲಿಸಬಾರದು. ಹೊದಿಕೆಯ ಮೇಲೆ ಇದು ಕವರ್ ವರ್ಷನ್ ಎಂದು ಬರೆಯಬೇಕು. ಮೊದಲು ಹಾಡಿದವರ ಹೆಸರನ್ನಾಗಲಿ ಚಿತ್ರವನ್ನಾಗಲಿ ಹಾಕಬಾರದು. ಈ ನಿಯಮಗಳ ಹಿಂದೆ ಕ್ಯಾಸೆಟ್ ಕಾಲದ ಜಗಳಗಳಿವೆ. 1980ರ ದಶಕದಲ್ಲಿ ಗುಲ್ಶನ್ ಕುಮಾರರ ಟೀ-ಸೀರೀಸ್ ಹಳೆಯ ಹಿಂದಿ ಹಾಡುಗಳನ್ನು ಹೊಸ ದನಿಗಳಲ್ಲಿ ಹಾಡಿಸಿ ಅಗ್ಗದ ಕ್ಯಾಸೆಟ್ಟು ಮಾರಿದಾಗ ಅದಕ್ಕೆ ಆಧಾರವಾಗಿದ್ದದ್ದೂ ಈ ಕಾಯ್ದೆಯ ಹಳೆಯ ಕಲಮೇ.

ಓದುತ್ತಾ ನಗು ಬಂತು, ಆಮೇಲೆ ಬರಲಿಲ್ಲ. ಕಾಯ್ದೆ ಒಪ್ಪುವುದು ದನಿ ಮಾತ್ರ ಬದಲಾದ ಹಾಡನ್ನು. ನಮ್ಮವರು ಬದಲಿಸುವುದು ಮಾತನ್ನು. ಕಾಯ್ದೆ ಹಿಂದಿನವರ ಹೆಸರು ಮುಚ್ಚು ಅನ್ನುತ್ತದೆ, ಕೊಳ್ಳುವವರಿಗೆ ಮೋಸವಾಗಬಾರದೆಂದು, ಅದೂ ಸರಿಯೇ. ಅಪ್ಪ ಮೊದಲು ಬರೆಯುತ್ತಿದ್ದದ್ದೇ ಎಲ್ಲಿಂದ ತಂದೆ ಎನ್ನುವುದನ್ನು, ಆಮೇಲೆ ತನ್ನದನ್ನು. ಹುಡುಗನಿಗೆ ಏನು ಹೇಳುವುದು? ಸಿನಿಮಾಕ್ಕೆ ರಾಗ ಹಾಕಿದವರ ಹೊಟ್ಟೆಪಾಡೂ ಅದರಲ್ಲೇ ಇದೆ. ದೊಡ್ಡಜ್ಜ ಅದರಿಂದ ಒಂದು ಪೈಸೆ ಗಳಿಸಲಿಲ್ಲ, ನೀನು ಹಾಕಿದ ಜಾಗ ದುಡ್ಡು ಎಣಿಸುವ ಜಾಗ, ಅಷ್ಟೇ ವ್ಯತ್ಯಾಸ ಅಂದೆ. ಅವನು "ಹೂಂ" ಅಂದು ಫೋನಿಟ್ಟ. ಒಪ್ಪಿದಂತೆ ಕಾಣಲಿಲ್ಲ.

ಆಗಲೇ ನಾನು ಎಷ್ಟೋ ವರ್ಷಗಳ ಮೇಲೆ ವಹಿಯನ್ನು ಪೂರ್ತಿ ಓದಿದ್ದು. ನಡುವಿನ ಒಂದು ಪದದ ಬಳಿ ನಿಂತೆ. ಅದು ಕಿತ್ತೂರು ಚೆನ್ನಮ್ಮನ ಪದ. 1824ರ ಕಾಳಗದ್ದಲ್ಲ, ಕೋಟೆ ಬಿದ್ದ ಮೇಲೆ ರಾಣಿಯನ್ನು ನಮ್ಮ ಬೈಲಹೊಂಗಲದಲ್ಲಿ ಸೆರೆಯಿಟ್ಟಿದ್ದರಲ್ಲ, 1829ರಲ್ಲಿ ಅವಳು ಇಲ್ಲೇ ತೀರಿಕೊಂಡಳಲ್ಲ, ಆ ದಿನಗಳದ್ದು. ಅವಳ ಸಮಾಧಿ ಇರುವುದೂ ನಮ್ಮೂರಿನಲ್ಲೇ. ಪದದಲ್ಲಿ ಕತ್ತಿಯಿಲ್ಲ, ಕುದುರೆಯಿಲ್ಲ. ಒಬ್ಬ ಹೆಣ್ಣುಮಗಳು ಕಿಟಕಿಯಿಂದ ಸಂತೆಗೆ ಹೋಗುವ ಗಾಡಿಗಳನ್ನು ಎಣಿಸುತ್ತಾಳೆ. ಲೆಕ್ಕ ತಪ್ಪುತ್ತದೆ, ಮತ್ತೆ ಎಣಿಸುತ್ತಾಳೆ. ಜೀವಮಾನವಿಡೀ ಲೆಕ್ಕ ಬರೆದವನು ಬರೆದದ್ದು. ಇಡೀ ವಹಿಯಲ್ಲಿ ಅಷ್ಟು ಚೆಲುವಾದದ್ದು ಇನ್ನೊಂದಿಲ್ಲ. ಅದರ ತಲೆಯ ಮೇಲೆ ಇಷ್ಟೇ ಇತ್ತು: ಧಾಟಿ: ಮ್ಯಾಲಿನಂತೆ.

ಮೇಲಿನ ಹಾಳೆ ಇಲ್ಲ. ಹೊಲಿಗೆಯ ಹತ್ತಿರ ಹರಿದ ಅಂಚು ಮಾತ್ರ.

ಅವ್ವನನ್ನು ಕೇಳಿದೆ. "ಕಿತ್ತೂರ ಉತ್ಸವಕ್ಕ ಹೋದಾಗ ಒಮ್ಮೆ ಅಂದಿದ್ದ," ಅಂದಳು. ಎರಡು ಮಾತು ಗುನುಗಿದಳು; ಅದು 'ಕಸ್ತೂರಿ ನಿವಾಸ'ದ ಧಾಟಿಗೆ ಜಾರಿತು, ಅವಳಿಗೂ ಅದು ಅಲ್ಲವೆಂದು ಗೊತ್ತಾಗಿ ಸುಮ್ಮನಾದಳು. ಭಜನೆಯ ಹಳಬರಲ್ಲಿ ಉಳಿದವರು ಇಬ್ಬರು. ಒಬ್ಬರಿಗೆ ಕಿವಿ ಕೇಳುವುದಿಲ್ಲ. ಇನ್ನೊಬ್ಬರು, ಯಾವ ಧಾಟಿಗಾದರೂ ಹೇಳಪ್ಪ, ಪದ ಮುಖ್ಯ ಅಂದರು. ಹಾಗೆ ಆಗದು ಎಂದು ನನಗೆ ಆಗ ತಿಳಿದಿತ್ತು. ಅಪ್ಪ ಪದ ಬರೆದದ್ದು ಧಾಟಿಯ ಮೇಲೆ. ಸಾಲುಗಳ ಉದ್ದ, ನಿಲ್ಲುವ ಜಾಗ, ಎಲ್ಲಾ ಅದರ ಅಳತೆ. ಧಾಟಿಯಿಲ್ಲದ ಪದ, ಓದಿದರೆ, ಎಡವುತ್ತಾ ನಡೆಯುವವರಂತಿತ್ತು.

ರಾಮದುರ್ಗಕ್ಕೆ ಹೋದೆ. ಕಾಕಾನಿಗೆ ಎಂಬತ್ತು ದಾಟಿದೆ. ವಹಿಯನ್ನು ಕೈಯಲ್ಲಿ ಹಿಡಿದು, ಕಣ್ಣು ಕಾಣದ್ದರಿಂದ ನನಗೇ ಕೊಟ್ಟು, "ಓದು ತಮ್ಮಾ," ಅಂದ. ನಾನು ಓದಿದೆ. "ನೆನಪಿಲ್ಲ," ಅಂದ. ಚಿಗವ್ವ ಚಹಾ ತಂದಳು. ಮಾತು ಮಗ್ಗದ ಕಡೆ, ಮಳೆಯ ಕಡೆ ಹೋಯಿತು. ನಾನು ಸುಮ್ಮನೆ ಕೂರಲಾರದೆ ಮತ್ತೊಮ್ಮೆ ಮೊದಲ ನುಡಿ ಓದಿದೆ. ಈ ಸಲ ಕಾಕಾನ ಬಲಗೈ ಬಟ್ಟಲಿನ ಪಕ್ಕದಲ್ಲಿ ನೆಲದ ಮೇಲೆ ಬಡಿಯತೊಡಗಿತ್ತು. ಅವನಿಗೆ ಅದರ ಅರಿವಿರಲಿಲ್ಲ. ನಾನು ಓದುವುದನ್ನು ನಿಲ್ಲಿಸಿದರೂ ಕೈ ನಿಲ್ಲಲಿಲ್ಲ. ಎಲ್ಲರೂ ಹಾಡುವ ಓಡುನಡೆಯಲ್ಲ. ಎಳೆದು ಎಳೆದು ಹೋಗುವ, ನಡುವೆ ಉಸಿರು ಬಿಡುವ ಠೇಕೆ.

"ಇದು ಗುಡ್ಡದ್ದು," ಅಂದಳು ಬಾಗಿಲಲ್ಲಿ ನಿಂತಿದ್ದ ಚಿಗವ್ವ. "ಉಗರಗೋಳದಾಗ ಜೋಗತಿ ಒಬ್ಬಾಕಿ ಅಂತಿದ್ಲಲ್ಲ, ನೀವು ಅಣ್ಣತಮ್ಮ ಇಬ್ರೂ ರಾತ್ರಿ ಪೂರಾ ಕುಂತು ಕೇಳಿದ್ರಿ." ಅವಳೇ ಮೊದಲ ಸಾಲು ಎತ್ತಿದಳು. ಎಲ್ಲಮ್ಮನ ಪದ. ಕಾಕಾನ ಮುಖ ತಿರುಗಿತು, ಎರಡನೆಯ ಸಾಲು ಅವನದಾಯಿತು. ನಾನು ಆ ಧಾಟಿಗೆ ಅಪ್ಪನ ಮಾತುಗಳನ್ನು ಇಟ್ಟು ನೋಡಿದೆ. ಕೂತವು. ಎರಡನೆಯ ನುಡಿಯಲ್ಲಿ ಮಾತ್ರ ಎರಡಕ್ಷರ ಹೊರಗೆ ಉಳಿದವು. ವಹಿಯಲ್ಲಿ ಆ ಎರಡಕ್ಷರಗಳ ಮೇಲೆ ಒಂದು ಅಂಕುಡೊಂಕು ಗೆರೆ ಇತ್ತು. ಇಷ್ಟು ದಿನ ಅದನ್ನು ನಾನು ಪೆನ್ನು ಜಾರಿದ್ದು ಅಂದುಕೊಂಡಿದ್ದೆ.

"ಆ ಜೋಗತಿ ಎಲ್ಲಿಂದ ತಂದಿದ್ಲು?" ಅಂತ ಕೇಳಿದೆ.

"ಯಾವ್ದರ ಕಂಪನಿ ನಾಟಕದ್ದ ಇರಬೇಕು," ಅಂದ ಕಾಕಾ. "ಇಲ್ಲಾಂದ್ರ ಆಕೀದನ್ನ ಕಂಪನಿಯವ್ರು ತಗೊಂಡಿರಬೇಕು."

ಮೊಮ್ಮಗ ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿದುಕೊಂಡಿದ್ದ, ಕಾಕಾನ ಕೆಮ್ಮು, ಹೊರಗಿನ ಮಗ್ಗದ ಸದ್ದು ಎಲ್ಲಾ ಸೇರಿ. ಕಾಕಾನನ್ನು ಕೇಳಿ ಅದನ್ನು ಹಾಗೇ ಜಾಲದಲ್ಲಿ ಹಾಕಿದ. ಒಂದು ವಾರ ಕಾದೆವು. ಯಾವ ನೋಟೀಸೂ ಬರಲಿಲ್ಲ. ಹುಡುಗನಿಗೆ ಖುಷಿ. ಆ ಯಂತ್ರದ ಕಿವಿಗೆ ಈ ಧಾಟಿ ಯಾರದೂ ಆಗಿರಲಿಲ್ಲ ಎಂದು ನನಗೆ ಸ್ವಲ್ಪ ಬೇಸರವೇ ಆಯಿತು.

ಬೈಲಹೊಂಗಲಕ್ಕೆ ಬಂದು ಅವ್ವನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದಳು. ಮತ್ತೊಮ್ಮೆ ಹಚ್ಚು ಅಂದಳು. ಮುಗಿದ ಮೇಲೆ, "ಇದು ಅಲ್ಲ ಬಿಡು," ಅಂದಳು. "ಅಂವ ಅಂದಿದ್ದು ಬ್ಯಾರೇ ಇತ್ತು."

ನಾನು ಮೊಬೈಲು ತೆಗೆದುಕೊಳ್ಳಲು ಕೈಚಾಚಿದೆ. ಅವಳು ಕೊಡಲಿಲ್ಲ. "ಇರ್ಲಿ ತಡಿ, ಇದರಾಗೂ ಅನ್ನಾಕ ಬರ್ತೈತಿ," ಅಂದು ಮತ್ತೆ ಹಚ್ಚಿ, ಕಿಟಕಿಯ ಸಾಲು ಬಂದಾಗ ಕಾಕಾನ ದನಿಯ ಜೊತೆಗೆ ತಾನೂ ಸೇರಿಕೊಂಡಳು.